ಮಂಜಿನಲ್ಲಿ ಗುಂಪೇ ದಿಕ್ಸೂಚಿ

ಉತ್ತರ ವೇಲ್ಸ್‌ನ ಎರರಿ ಸೀಮೆಯಲ್ಲಿ, ಅಂದರೆ ಹೊರನಾಡಿನವರು ಸ್ನೋಡೋನಿಯಾ ಎಂದು ಬಲ್ಲ ಬೆಟ್ಟಗಳ ಸಾಲಿನಲ್ಲಿ, ಅಟ್ಲಾಂಟಿಕ್ ಸಾಗರದಿಂದ ತೇವ ಹೊತ್ತು ಬರುವ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ ತಣಿಯುವುದರಿಂದ, ಶಿಖರಗಳು ಮಂಜಿನಲ್ಲಿ ಮುಳುಗಿರುವುದು ಅಪರೂಪವೇನಲ್ಲ. ಇಂಥ ದಿನ ನೋಟ ಸಿಗದೆಂದು ಗೊಣಗುವ ಚಾರಣಿಗರು ಹಲವರಿದ್ದರೂ, ಗುಂಪಿನಲ್ಲಿ ನಡೆಯುವ ಕಲೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ.

994 ಮೀಟರ್ ಎತ್ತರದ ಗ್ಲಿಡರ್ ವಾಖ್‌ನಿಂದ 1,001 ಮೀಟರ್‌ನ ಗ್ಲಿಡರ್ ವೌರ್‌ಗೆ ಸಾಗುವ ಏಣನ್ನೇ ನೋಡಬಹುದು. ನಡುವೆ ಕಾಸ್ಟೆಲ್ ಅ ಗ್ವಿಂಟ್, ಎಂದರೆ ಗಾಳಿಕೋಟೆ, ಎಂಬ ಚೂಪುಬಂಡೆಗಳ ರಾಶಿಯಿದೆ. ಸುತ್ತಲೂ ಹಿಮಗಾಲದ ಕೊರೆತಕ್ಕೆ ಸೀಳಿದ ಕಲ್ಲುಗಳೇ ಹರಡಿರುವುದರಿಂದ ಕಾಲುದಾರಿ ಆಗಾಗ ಅಳಿಸಿಹೋಗುತ್ತದೆ, ಉತ್ತರಕ್ಕೆ ಕಡಿದಾದ ಪ್ರಪಾತವಿರುವುದರಿಂದ ಅಂದಾಜಿನ ಮೇಲೆ ನಡೆಯುವಂತೆಯೂ ಇಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರದಂತೆ ಗಂಟೆಗೆ ಮೂರು ಮೈಲಿ ನಡಿಗೆ, ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ ಎಂದು ಕಾಲವನ್ನು ಲೆಕ್ಕ ಹಾಕುವ ರೂಢಿಯುಂಟು. ಆದರೆ ಒದ್ದೆ ಬಂಡೆಯಿಂದ ಬಂಡೆಗೆ ಹೆಜ್ಜೆ ಹುಡುಕಿಕೊಂಡು ಹೋಗುವ ಮಂದಿಗೆ ಆ ಲೆಕ್ಕ ಕೊಡುವ ಸಮಯ ಏನೇನೂ ಸಾಲದು.

ಇಲ್ಲಿ ಗುಂಪು ನೆರವಿಗೆ ಬರುತ್ತದೆ. ನಾಯಕರು ನಕಾಶೆಯಿಂದ ಪಡೆದ ಕೋನವನ್ನು ದಿಕ್ಸೂಚಿಯಲ್ಲಿ ಹೊಂದಿಸಿಕೊಂಡಾಗ ಗುರಿಯಿಡಲು ಎದುರಿಗೆ ಬಂಡೆಯೋ ಮರವೋ ಕಾಣದಿದ್ದರೆ, ಒಬ್ಬ ಚಾರಣಿಗನನ್ನು ಕಣ್ಣಳವಿನ ಅಂಚಿನವರೆಗೆ ಮುಂದೆ ಕಳುಹಿಸಿ, ಅವನು ಗೆರೆಗೆ ಸರಿಯಾಗಿ ನಿಲ್ಲುವ ತನಕ ಎಡಕ್ಕೆ, ಬಲಕ್ಕೆ ಎಂದು ಕೂಗಿ ಸರಿಸುತ್ತಾರೆ. ಉಳಿದವರು ಅವನನ್ನು ತಲುಪಿದ ಮೇಲೆ ಮತ್ತೆ ಅದೇ ಕ್ರಮ. ಬಣ್ಣದ ಮಳೆಕೋಟು ತೊಟ್ಟವನನ್ನೇ ಈ ಕೆಲಸಕ್ಕೆ ಆರಿಸುವುದು ಜಾಣತನ. ಜೊತೆಗೆ ನಡೆದ ದೂರವನ್ನು ತಿಳಿಯಲು ಒಂದೇ ಕಾಲು ನೆಲ ಮುಟ್ಟಿದ್ದನ್ನು ಎಣಿಸುವ ಹೆಜ್ಜೆಲೆಕ್ಕವನ್ನು ಇಬ್ಬರಿಗೆ ಒಪ್ಪಿಸಿದರೆ, ಒಬ್ಬರ ಎಣಿಕೆ ತಪ್ಪಿದ್ದನ್ನು ಇನ್ನೊಬ್ಬರದು ತೋರಿಸಿಕೊಡುತ್ತದೆ.

ಗುಂಪಿನ ಕೊನೆಯಲ್ಲಿ ಅನುಭವಿಯೊಬ್ಬರು ಇರಬೇಕೆಂಬುದು ಎಲ್ಲರೂ ಬಲ್ಲ ನಿಯಮ. ಆದರೆ ಹಿಂದುಳಿದವರು ಏದುಸಿರಿನಲ್ಲಿ ಬಂದು ಸೇರಿದ ಕೂಡಲೇ, ಅಷ್ಟು ಹೊತ್ತು ಕುಳಿತು ದಣಿವಾರಿಸಿಕೊಂಡವರು ಎದ್ದು ಹೊರಡುವ ಚಾಳಿಯನ್ನು ತಡೆಯುವವರು ಕಡಿಮೆ. ಇದರಿಂದ ವಿಶ್ರಾಂತಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ದಕ್ಕುವುದಿಲ್ಲ. ಮಂಜಿನ ದಿನ ಮಾತ್ರ ಪ್ರತಿ ಗುರುತಿನಲ್ಲೂ ಎಲ್ಲರೂ ನಿಂತು ತಲೆ ಎಣಿಸಿಕೊಂಡೇ ಹೊರಡಬೇಕಾಗುವುದರಿಂದ, ಎಂಥ ಬಿರುಸಿನ ನಡಿಗೆಯವರಿಗೂ ಕಾಯದೆ ಗತ್ಯಂತರವಿರುವುದಿಲ್ಲ.