ಯಾತ್ರಿಕನ ಮಾತು, ಊರಿನ ಮಾನ

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ದೇಶ ಸುತ್ತುವಷ್ಟು ಹಣವಾಗಲಿ ಬಿಡುವಾಗಲಿ ಇಲ್ಲದ ನಮ್ಮಂಥವರು, ಸುತ್ತಿ ಬಂದವರು ಬರೆದಿಟ್ಟ ಕೋಶವನ್ನು ಓದಿ, ಎರಡು ಫಲಗಳೂ ಒಟ್ಟಿಗೆ ದಕ್ಕಿದವೆಂದು ತೃಪ್ತಿಪಡುತ್ತೇವೆ. ಆದರೆ ಇಲ್ಲೊಂದು ತೊಡಕಿದೆ. ಕಾದಂಬರಿಕಾರನ ಮಾತು ನಿಜವೇ ಎಂದು ನಾವು ಕೇಳುವುದಿಲ್ಲ. ಯಾತ್ರಿಕನ ಮಾತನ್ನಾದರೋ ನಂಬಲೇಬೇಕು. ಅವನು ಕಂಡ ಊರನ್ನು ನಾವು ಕಂಡಿಲ್ಲ. ಬಹುಶಃ ಕಾಣುವುದೂ ಇಲ್ಲ. ಹಾಗಾದರೆ ಅವನು ಸುಳ್ಳು ಹೇಳಬಹುದೇ? ಹೇಳಬಹುದಾದರೆ ಎಷ್ಟರಮಟ್ಟಿಗೆ?

ಪ್ರವಾಸ ಸಾಹಿತ್ಯಕ್ಕೆ ಕನ್ನಡದಲ್ಲಿ ಗೌರವದ ಸ್ಥಾನವೇನೋ ಇದೆ. ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ವಾಚಕರು ಬಲ್ಲರು, ‘ಅಮೆರಿಕದಲ್ಲಿ ಗೊರೂರು’ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆದರೂ ಈ ಪ್ರಕಾರವನ್ನು ಕುರಿತ ನಮ್ಮ ವಿಮರ್ಶೆ ಶೈಲಿಯ ಲಾಲಿತ್ಯ, ವರ್ಣನೆಯ ಸೊಗಸು, ಹಾಸ್ಯದ ಲೇಪ ಇವುಗಳ ಪ್ರಶಂಸೆಯಲ್ಲೇ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಸತ್ಯದ ಪ್ರಶ್ನೆಯನ್ನು ಎತ್ತುವವರು ವಿರಳ. ಅದನ್ನು ಎತ್ತುವುದಕ್ಕಾಗಿ ಜಗತ್ತಿನ ಎರಡು ಪ್ರಸಿದ್ಧ ಪ್ರವಾಸಗ್ರಂಥಗಳನ್ನು ಆರಿಸಿಕೊಂಡಿದ್ದೇನೆ. ಎರಡನ್ನೂ ನಾನು ಓದಿರುವುದು ಇಂಗ್ಲಿಷ್ ಅನುವಾದದಲ್ಲಿ.

ಮೊದಲನೆಯದು ಜಪಾನಿನ ಕವಿ ಬಾಷೋ ಬರೆದ ‘ಓಕು ನೊ ಹೊಸೊಮಿಚಿ’. ‘ಒಳನಾಡಿನ ಕಿರುದಾರಿ’ ಎಂದು ಅದನ್ನು ಕನ್ನಡಿಸಬಹುದು. ಇಂದು ಟೋಕಿಯೋ ಎನಿಸಿಕೊಂಡಿರುವ ಎದೊ ನಗರದಿಂದ ೧೬೮೯ರ ವಸಂತದಲ್ಲಿ ಬಾಷೋ ತನ್ನ ಶಿಷ್ಯ ಸೋರಾನೊಡನೆ ಹೊರಟ. ಉತ್ತರದ ನಾಡುಗಳನ್ನು ಹಾದು, ಪಶ್ಚಿಮದ ಕಡಲ ಕರೆಯನ್ನು ಹಿಡಿದು, ಬಹುಪಾಲು ಕಾಲ್ನಡಿಗೆಯಲ್ಲಿಯೇ ಸುಮಾರು ೨,೪೦೦ ಕಿಲೋಮೀಟರು ಕ್ರಮಿಸಿ, ಶರತ್ಕಾಲದಲ್ಲಿ ಓಗಾಕಿ ಎಂಬ ಊರನ್ನು ಸೇರಿದ. ಗದ್ಯದ ನಡುನಡುವೆ ಹೈಕುಗಳು ಬರುವ ಈ ಪುಟ್ಟ ಕೃತಿ ನಮ್ಮ ಚಂಪುವನ್ನು ನೆನಪಿಗೆ ತರುತ್ತದೆ. ಅದು ಅಚ್ಚಾದದ್ದು ಕವಿ ತೀರಿಕೊಂಡು ೮ ವರ್ಷಗಳಾದ ಮೇಲೆ, ೧೭೦೨ರಲ್ಲಿ.

ಸೋರಾ ಕೂಡ ದಿನಚರಿ ಬರೆಯುತ್ತಿದ್ದ. ಅದು ಪ್ರಕಟವಾದದ್ದು ೧೯೪೩ರಲ್ಲಿ. ಮಳೆಯೋ ಬಿಸಿಲೋ, ನಡೆದದ್ದೆಷ್ಟು, ತಂಗಿದ್ದೆಲ್ಲಿ ಎಂಬುದಷ್ಟನ್ನೇ ಹೇಳುವ ಒಣ ಬರಹ ಅದು. ಆದರೆ ಗುರುವಿನ ಪುಸ್ತಕವನ್ನು ಶಿಷ್ಯನ ದಿನಚರಿಯ ಪಕ್ಕದಲ್ಲಿಟ್ಟು ನೋಡಿದರೆ, ಒಂದಕ್ಕೊಂದು ಹೊಂದದ ಕಡೆಗಳು ಅನೇಕ. ನಿಕ್ಕೋ ಬೆಟ್ಟದ ಬುಡದಲ್ಲಿ ಮೂರನೆಯ ತಿಂಗಳ ೩೦ನೆಯ ದಿನ ತಂಗಿದ್ದೆನೆಂದು ಬಾಷೋ ಬರೆಯುತ್ತಾನೆ. ಆ ವರ್ಷ ಆ ತಿಂಗಳಿಗೆ ಇದ್ದದ್ದೇ ೨೯ ದಿನ! ಇಚಿಬುರಿ ಎಂಬಲ್ಲಿ, ಇಸೆ ಕ್ಷೇತ್ರಕ್ಕೆ ಯಾತ್ರೆ ಹೊರಟ ಇಬ್ಬರು ವೇಶ್ಯೆಯರು ಪಕ್ಕದ ಕೋಣೆಯಲ್ಲಿ ಇಳಿದುಕೊಂಡಿದ್ದರೆಂದೂ, ಮರುದಿನ ‘ನಿಮ್ಮ ಹಿಂದೆ ಬರುತ್ತೇವೆ’ ಎಂದು ಕಣ್ಣೀರಿಟ್ಟು ಬೇಡಿದರೆಂದೂ, ತಾನು ಒಪ್ಪಲಿಲ್ಲವೆಂದೂ ಹೇಳಿ, ಆಗ ಹುಟ್ಟಿದ ಪದ್ಯವನ್ನು ಸೋರಾ ಬರೆದುಕೊಂಡನೆಂದು ಸೇರಿಸುತ್ತಾನೆ. ಸೋರಾನ ದಿನಚರಿಯಲ್ಲಿ ಆ ಪದ್ಯವೂ ಇಲ್ಲ, ಆ ಹೆಂಗಸರೂ ಇಲ್ಲ.

ಇವುಗಳಿಗಾಗಿ ಬಾಷೋನನ್ನು ಸುಳ್ಳುಗಾರನೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತಿಂಗಳಿಗೆ ಒಂದು ದಿನ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ವೇಶ್ಯೆಯರ ಪ್ರಸಂಗ ಕಲ್ಪಿತವೇ ಇದ್ದರೂ, ಅದರಲ್ಲಿ ಚಿಕ್ಕವನಾಗಿ ಕಾಣುವವನು ಕವಿಯೇ ಹೊರತು ಆ ಹೆಂಗಸರಲ್ಲ. ಬೇಡಿದವರನ್ನು ಕೈಬಿಟ್ಟು ನಡೆದವನು, ಆಮೇಲೆ ಮರುಗಿದವನು ಎಂದು ಆತ ತನ್ನನ್ನೇ ಚಿತ್ರಿಸಿಕೊಂಡಿದ್ದಾನೆ. ಇಂಥ ಸ್ವಾತಂತ್ರ್ಯ ಕವಿಗೆ ಸಲ್ಲಬೇಕು.

ಆದರೆ ಇಶಿನೊಮಾಕಿ ಬಂದರಿನ ಮಾತು ಬೇರೆ. ದಾರಿತಪ್ಪಿ ಅಲ್ಲಿಗೆ ಬಂದೆವು, ಎಷ್ಟು ಕೇಳಿದರೂ ಇಳಿದುಕೊಳ್ಳಲು ಯಾರೂ ಸ್ಥಳ ಕೊಡಲಿಲ್ಲ, ಕೊನೆಗೆ ಒಂದು ಬಡ ಗುಡಿಸಿಲಿನಲ್ಲಿ ರಾತ್ರಿ ಕಳೆದೆವು ಎನ್ನುತ್ತಾನೆ ಬಾಷೋ. ದಿನಚರಿ ಹೇಳುವುದೇ ಬೇರೆ. ದಾರಿಯಲ್ಲಿ ನೀರಡಿಸಿ ಬಳಲಿದಾಗ ಒಬ್ಬ ಸಮುರಾಯಿ ಇವರನ್ನು ತನ್ನ ಪರಿಚಿತರ ಮನೆಗೆ ಕರೆದೊಯ್ದು ಕುಡಿಯಲು ಬಿಸಿನೀರು ಕೊಡಿಸಿದ. ಇಶಿನೊಮಾಕಿಯಲ್ಲಿ ಯಾರ ಬಿಡಾರಕ್ಕೆ ಹೋಗಬೇಕೆಂಬುದನ್ನೂ ತಿಳಿಸಿದ. ಒಂಟಿ ಯಾತ್ರಿಕನ ದೈನ್ಯ ಕೃತಿಯ ರಸಕ್ಕೆ ಅಗತ್ಯವಾಗಿತ್ತೆಂದು ವಾದಿಸಬಹುದು. ಆದರೆ ಆ ರಸದ ಬೆಲೆಯನ್ನು ತೆತ್ತವರು ಯಾರು? ಉಪಕಾರ ಮಾಡಿದವನು ಕೃತಿಯಿಂದ ಮಾಯವಾದ. ಅತಿಥಿಗೆ ಬಾಗಿಲು ಮುಚ್ಚಿದ ಅಪಕೀರ್ತಿ ಒಂದು ಊರಿಗೆ ಅಂಟಿತು. ಕೃತಿಯ ಸೌಂದರ್ಯಕ್ಕೆ ಮಾರುಹೋದ ನಾನು, ಈ ಒಂದು ಪುಟದಲ್ಲಿ ಬಾಷೋನ ಪಕ್ಷವನ್ನು ವಹಿಸಲಾರೆ.

ಎರಡನೆಯವನು ಮೊರಾಕೋ ದೇಶದ ಇಬ್ನ್ ಬತೂತ. ೧೩೨೫ರಲ್ಲಿ ಟಾಂಜಿಯರ್‌ನಿಂದ ಹೊರಟ ಈತ ಸುಮಾರು ೩೦ ವರ್ಷ ಸುತ್ತಾಡಿ, ಊರಿಗೆ ಮರಳಿ, ಸುಲ್ತಾನನ ಅಪ್ಪಣೆಯಂತೆ ತನ್ನ ಅನುಭವಗಳನ್ನು ಇಬ್ನ್ ಜುಝೈ ಎಂಬ ವಿದ್ವಾಂಸನಿಗೆ ಹೇಳಿ ಬರೆಯಿಸಿದ. ಆ ಗ್ರಂಥದಲ್ಲಿ ಮೆಕ್ಕಾ, ದಮಾಸ್ಕಸ್‌ಗಳ ವರ್ಣನೆಯ ಎಷ್ಟೋ ಭಾಗ ೧೨ನೆಯ ಶತಮಾನದ ಇಬ್ನ್ ಜುಬೈರ್‌ನಿಂದ ಎತ್ತಿಕೊಂಡದ್ದು. ಚೀನಾ ದೇಶದ ಭಾಗವನ್ನು ಸಂಶಯದಿಂದ ಕಾಣುವ ವಿದ್ವಾಂಸರೂ ಇದ್ದಾರೆ.

ಅಷ್ಟಾದರೂ ಈತನ ಮೇಲೆ ನನಗೆ ವಿಶ್ವಾಸ ಹುಟ್ಟುವುದು ನಮ್ಮ ಹೊನ್ನಾವರದ ಪುಟಗಳನ್ನು ಓದಿದಾಗ. ಅಲ್ಲಿ ಹುಡುಗಿಯರಿಗೆ ೧೩ ಶಾಲೆಗಳನ್ನೂ ಹುಡುಗರಿಗೆ ೨೩ ಶಾಲೆಗಳನ್ನೂ ಕಂಡೆನೆನ್ನುತ್ತಾನೆ. ಹೆಂಗಸರು ಹೊಲಿದ ಬಟ್ಟೆ ತೊಡದೆ, ಒಂದೇ ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ತಲೆಯ ಮೇಲೂ ಹೆಗಲ ಮೇಲೂ ಹೊದೆಯುತ್ತಾರೆ; ಮೂಗಿಗೆ ಚಿನ್ನದ ನತ್ತು ಇಡುತ್ತಾರೆ. ಸುಲ್ತಾನನ ಮನೆಯ ಊಟದಲ್ಲಿ ಅನ್ನ, ತುಪ್ಪ, ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕಟ್ಟಕಡೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲವೆಂದು ತಿಳಿಯಬೇಕೆಂದೂ ಹೇಳುತ್ತಾನೆ! ೬೦೦ ವರ್ಷಗಳ ಮೇಲೆ ಓದುವ ಕನ್ನಡಿಗನಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ರೊಟ್ಟಿಯ ನಾಡಿನವನಾದ ಆತನಿಗೆ ಈ ಊಟ ಹಿತವಾಗಿರಲಿಲ್ಲ. ಈ ಕಡೆಯ ನಾಡುಗಳಲ್ಲಿ ವರ್ಷಗಟ್ಟಲೆ ಅನ್ನವನ್ನೇ ಉಂಡು, ಕಡೆಗೆ ನೀರು ಕುಡಿಯದೆ ನುಂಗಲಾರದಂತಾಯಿತೆಂದು ಗೊಣಗುತ್ತಾನೆ. ಗೊಣಗುವುದು ತನ್ನ ನಾಲಗೆಯ ವಿಷಯವಾಗಿ, ಉಣಬಡಿಸಿದವರನ್ನು ಹಳಿಯುವುದಿಲ್ಲ.

ಮಾಲ್ದೀವಿನಲ್ಲಿ ಈತ ಕಾಜಿಯಾಗಿದ್ದ. ಅಲ್ಲಿಯ ಹೆಂಗಸರು ಸೊಂಟದ ಮೇಲೆ ಬಟ್ಟೆ ಹೊದೆಯದೆ ತಿರುಗುವುದು ಅವನಿಗೆ ಸರಿಬೀಳಲಿಲ್ಲ. ಅಧಿಕಾರ ಕೈಯಲ್ಲಿತ್ತು, ಆಜ್ಞೆ ಮಾಡಿದ. ವ್ಯಾಜ್ಯಕ್ಕೆಂದು ತನ್ನೆದುರಿಗೆ ಬರುವಾಗ ಮಾತ್ರ ಮೈಮುಚ್ಚಿಸಲು ಸಾಧ್ಯವಾಯಿತು, ಅದಕ್ಕಿಂತ ಹೆಚ್ಚಿನದು ತನ್ನಿಂದ ಆಗಲಿಲ್ಲ ಎಂದು ಬರೆಸುತ್ತಾನೆ. ಆ ದ್ವೀಪದ ಜನರನ್ನು ಆತ ಮೆಚ್ಚಿದನೋ ಇಲ್ಲವೋ, ಸೋತದ್ದನ್ನು ಮುಚ್ಚಿಡಲಿಲ್ಲ. ಹಾಗಾಗಿ ಅವರ ಸ್ವಭಾವದ ಗಟ್ಟಿತನ ಇಂದಿಗೂ ನಮಗೆ ಕಾಣಿಸುತ್ತದೆ.

ಆದ್ದರಿಂದ ಪ್ರವಾಸ ಕಥನದ ಸತ್ಯವನ್ನು ತಿಥಿವಾರಗಳ ಲೆಕ್ಕದಿಂದ ಅಳೆಯುವುದು ಸಲ್ಲದು. ಯಾತ್ರಿಕ ತನ್ನನ್ನು ಕುರಿತು ಉತ್ಪ್ರೇಕ್ಷಿಸಲಿ, ದಿನಗಳನ್ನು ಹಿಂದುಮುಂದು ಮಾಡಲಿ; ವಾಚಕ ಸಹೃದಯನಾದರೆ ಕ್ಷಮಿಸುತ್ತಾನೆ. ಇನ್ನೊಬ್ಬರ ವರ್ಣನೆಯನ್ನು ಎತ್ತಿಕೊಂಡರೆ ಅದು ಕೃತಿಚೌರ್ಯ. ಆದರೆ ಊರಿಗೆ ಮಾಡಿದ ಅನ್ಯಾಯವಲ್ಲ. ಊರಿನವರ ನಡತೆಯನ್ನು ಕುರಿತ ಮಾತಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಕೂಡದು. ನಾವು ಕನ್ನಡದಲ್ಲಿ ಬರೆದದ್ದನ್ನು ಆ ದೂರದ ಊರಿನವರು ಓದಿ ಉತ್ತರ ಕೊಡುವಂತಿಲ್ಲವಷ್ಟೆ!

ಇಂದು ಪ್ರಯಾಣ ಸುಲಭವಾಗಿದೆ, ಹೋಗಿಬಂದವರೆಲ್ಲರೂ ಬರೆಯುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ. ಆದರೆ ಹೆಚ್ಚು ಬಾಡಿಗೆ ಕೇಳಿದ ಒಬ್ಬ ಟ್ಯಾಕ್ಸಿಯವನಿಂದ ಒಂದು ರಾಷ್ಟ್ರವೇ ಮೋಸಗಾರರದ್ದಾಗುವುದನ್ನೂ, ನಕ್ಕು ಮಾತಾಡಿಸಿದ ಒಬ್ಬ ಅಂಗಡಿಯವಳಿಂದ ಇನ್ನೊಂದು ರಾಷ್ಟ್ರ ಸ್ವರ್ಗವಾಗುವುದನ್ನೂ ಎಷ್ಟೋ ಬರಹಗಳಲ್ಲಿ ಕಾಣುತ್ತೇನೆ. ಎಲ್ಲ ಯಾತ್ರಿಕರ ಜೊತೆಯಲ್ಲೂ ಒಬ್ಬ ಸೋರಾ ನಡೆಯುವುದಿಲ್ಲ. ಬಿಸಿನೀರು ಕೊಡಿಸಿದವನನ್ನು ಮರೆಯದೆ ಬರೆಯುವ ಹೊಣೆ ಲೇಖಕನದೇ. ಅವನು ಮರೆತಿರಬಹುದೇ ಎಂದು ಕೇಳಿಕೊಂಡು ಓದುವ ಹೊಣೆ ನಮ್ಮದು.