ರಾತ್ರಿ ಆಟ, ಬೆಳಗ್ಗೆ ತುಂಗೆ

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಎಲ್ಲಾದರೂ ಹರಕೆಯ ಯಕ್ಷಗಾನ ಬಯಲಾಟ ಇದೆಯೆಂದರೆ ಗೆಳೆಯರನ್ನು ಕೂಡಿಕೊಂಡು ಹೊರಟುಬಿಡಬೇಕು. ಘಟ್ಟದ ಕೆಳಗಿನ ಮಂದಾರ್ತಿ ಮೇಳಕ್ಕೆ ಮಲೆನಾಡಿನ ಮನೆಗಳು ಇಂದಿಗೂ ಹರಕೆ ಹೊರುತ್ತವೆ. ಅಲ್ಲಿ ಟಿಕೆಟ್ ಇಲ್ಲ. ಬಂದವರೆಲ್ಲ ನೆಂಟರೇ.

ಈ ಮೇಳ ಆಡುವ ಬಡಗುತಿಟ್ಟು ಶೈಲಿಯ ಸೊಗಸು ಮೊಬೈಲಿಗೆ ದಕ್ಕುವಂಥದ್ದಲ್ಲ. ಪ್ರಸಂಗದಲ್ಲಿ ಬರೆದಿಟ್ಟಿರುವುದು ಪದ್ಯ ಮಾತ್ರ. ಮಾತೆಲ್ಲ ರಂಗದ ಮೇಲೆ ಆಗಲೇ ಹುಟ್ಟುತ್ತದೆ. ಭಾಗವತರು ಪದ ನಿಲ್ಲಿಸಿದಲ್ಲಿಂದ ವೇಷಧಾರಿ ಅರ್ಥ ಹೇಳುತ್ತಾನೆ, ಎದುರು ವೇಷ ಅಲ್ಲಿಯೇ ಉತ್ತರ ಕಟ್ಟುತ್ತದೆ. ಹಾಗಾಗಿ ಹೋದ ವಾರ ಕಂಡ ಕರ್ಣ ಈ ರಾತ್ರಿಯ ಕರ್ಣನಲ್ಲ. ನಡುರಾತ್ರಿ ಕಳೆದ ಮೇಲೆ ಚಂಡೆಯ ಪೆಟ್ಟು ನೇರ ಎದೆಗೆ ಬೀಳುತ್ತದೆ, ನಿದ್ದೆ ಹಾರಿಹೋಗುತ್ತದೆ. ಅದಕ್ಕೂ ಮೊದಲು ವೇಷ ಕಟ್ಟುವ ಚೌಕಿಗೊಮ್ಮೆ ಹೋಗಿ ಬನ್ನಿ. ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಂಡು, ತಲೆಗೆ ಸುತ್ತಿನ ಮೇಲೆ ಸುತ್ತು ಹಾಕಿ ಕೇದಗೆ ಮುಂದಲೆ ಕಟ್ಟುವ ತಾಳ್ಮೆಯೇ ಒಂದು ಕಲೆ.

ಬೆಳಗ್ಗೆ ಮಂಗಳ ಹಾಡಿ ಆಟ ಮುಗಿದಮೇಲೆ ಸುತ್ತಾಡಲು ದಾರಿಗಳು ಎಷ್ಟೋ. ಶೃಂಗೇರಿಯಲ್ಲಿ 14ನೇ ಶತಮಾನದ ವಿದ್ಯಾಶಂಕರ ದೇವಾಲಯ, ಅದರ 12 ರಾಶಿಕಂಬಗಳು, ತುಂಗೆಯ ಮೀನುಗಳು. ಮುಂದೆ ಕಿಗ್ಗ, ಸಿರಿಮನೆ ಜಲಪಾತ. ಎನ್.ಆರ್.ಪುರದ ಕಡೆ ತಿರುಗಿದರೆ ಸಿಂಹನಗದ್ದೆ ಬಸದಿ, ಭದ್ರೆಯ ಹಿನ್ನೀರು. ದಾರಿಯುದ್ದಕ್ಕೂ ಮಾತೆಲ್ಲ ರಾತ್ರಿಯ ಆಟದ್ದೇ: ಯಾರ ವಾದ ಗೆದ್ದಿತು, ಯಾರ ಕುಣಿತ ಮೇಲು!

ಈಗ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಪ್ರಯೋಗಗಳು ಹೆಚ್ಚುತ್ತಿವೆ. ಬೆಳಗಿನವರೆಗಿನ ಆಟ ಸಿಕ್ಕಿದರೆ ಅರ್ಧಕ್ಕೆ ಏಳಬೇಡಿ, ಮಂಗಳದವರೆಗೂ ಕುಳಿತು ನೋಡಿ.