ನೆಹೆಮೀಯನ ಎರಡು ಕೋಪಗಳು

ಪುರುಷರಿಗೆ ನಾಯಕತ್ವವನ್ನು ಬೋಧಿಸುವಾಗ ನೆಹೆಮೀಯನ ಗ್ರಂಥವನ್ನು ಆರಿಸಿಕೊಳ್ಳುವುದು ನಮ್ಮ ಪ್ರಸಂಗಪೀಠಗಳಲ್ಲಿ ರೂಢಿ. ಪ್ರಾರ್ಥನೆ, ಯೋಜನೆ, 52 ದಿನಗಳಲ್ಲಿ ಗೋಡೆಯ ಪೂರ್ಣಾಹುತಿ ಎಂಬ ಕ್ರಮದಲ್ಲಿ ಬೋಧನೆ ಸಾಗುತ್ತದೆ. ಅವನ ಕೋಪದ ಪ್ರಸ್ತಾಪ ಬಂದಾಗ ‘ಪರಿಶುದ್ಧ ಕೋಪ’ ಎಂಬ ಒಂದೇ ಮಾತಿನಿಂದ ಅದನ್ನು ದಾಟಿಬಿಡುತ್ತೇವೆ. ಆದರೆ ಗ್ರಂಥದ 5ನೆಯ ಅಧ್ಯಾಯದ ಕೋಪವೂ 13ನೆಯ ಅಧ್ಯಾಯದ ಕೋಪವೂ ಒಂದೇ ಬಗೆಯವಲ್ಲ. ಈ ಅಂತರವನ್ನು ಕಾಣದ ಓದು ಸಭೆಗೆ ಹಾನಿಕರ.

5ನೆಯ ಅಧ್ಯಾಯವು ಜನರ ಮತ್ತು ಅವರ ಹೆಂಡತಿಯರ ಮೊರೆಯಿಂದ ಆರಂಭವಾಗುತ್ತದೆ. ಹೊಲ, ದ್ರಾಕ್ಷೇತೋಟ, ಮನೆಗಳು ಅಡವಾಗಿವೆ; ಮಕ್ಕಳು ದಾಸತ್ವಕ್ಕೆ ಹೋಗುತ್ತಿದ್ದಾರೆ. ಇದನ್ನು ಕೇಳಿ ನೆಹೆಮೀಯನು ಬಹಳ ಕೋಪಗೊಂಡನು. ಆದರೆ ಕೋಪಕ್ಕೂ ಕ್ರಿಯೆಗೂ ನಡುವೆ ಅವನು ತನ್ನ ಹೃದಯದೊಡನೆ ಆಲೋಚಿಸಿದನೆಂದು 7ನೆಯ ವಚನ ತಿಳಿಸುತ್ತದೆ. ಅನಂತರವೇ ಅವನು ಶ್ರೀಮಂತರೊಡನೆ ವಾದಿಸಿ, ಮಹಾಸಭೆಯನ್ನು ಕೂಡಿಸುತ್ತಾನೆ. ಅಲ್ಲಿ ತಾನೂ ತನ್ನ ಸಹೋದರರೂ ಸಾಲ ಕೊಟ್ಟವರೇ ಎಂದು ಒಪ್ಪಿಕೊಂಡು, ಬಿಟ್ಟುಕೊಡಬೇಕಾದವರ ಸಾಲಿನಲ್ಲಿ ತನ್ನನ್ನೂ ಸೇರಿಸುತ್ತಾನೆ. ಮುಂದೆ 12 ವರ್ಷ ದೇಶಾಧಿಪತಿಗೆ ಸಲ್ಲಬೇಕಾದ ಆಹಾರದ ಹಕ್ಕನ್ನು ಅವನು ತೆಗೆದುಕೊಳ್ಳಲಿಲ್ಲ. ಆದರೂ ಅವನ ಪಂಕ್ತಿಯಲ್ಲಿ ದಿನವೂ 150 ಮಂದಿ ಯೆಹೂದ್ಯರೂ ಅಧಿಕಾರಿಗಳೂ ಊಟಮಾಡುತ್ತಿದ್ದರು. ಅವನ ಕೋಪದ ಬೆಲೆಯನ್ನು ಮೊದಲು ತೆತ್ತವರಲ್ಲಿ ಅವನೂ ಒಬ್ಬ.

13ನೆಯ ಅಧ್ಯಾಯದಲ್ಲಿ ಅಷ್ಡೋದ್, ಅಮ್ಮೋನ್, ಮೋವಾಬ್ ದೇಶಗಳ ಸ್ತ್ರೀಯರನ್ನು ಮದುವೆಯಾದವರು ಅವನೆದುರು ನಿಲ್ಲುತ್ತಾರೆ. ಇಲ್ಲಿಯೂ ಇಬ್ರಿಯ ಮೂಲದಲ್ಲಿ ‘ವಾದಿಸಿದೆನು’ ಎಂಬ ಅದೇ ಕ್ರಿಯಾಪದವಿದೆ. ಆದರೆ ಅದಕ್ಕೆ ಮುಂಚೆ ಹೃದಯದ ಆಲೋಚನೆಯಿಲ್ಲ, ಅದರ ನಂತರ ಮಹಾಸಭೆಯಿಲ್ಲ. ಶಾಪ, ಹೊಡೆತ, ಕೂದಲು ಕೀಳುವುದು, ಬಳಿಕ ಬಲವಂತದ ಆಣೆ—ಇವು ಒಂದರ ಹಿಂದೊಂದು ಬರುತ್ತವೆ. ಆ ಸ್ತ್ರೀಯರ ಮಾತು ಎಲ್ಲಿಯೂ ಕೇಳಿಸುವುದಿಲ್ಲ. ಇಲ್ಲಿ ಬೆಲೆ ತೆತ್ತದ್ದು ಇತರರ ದೇಹ.

ದೇವಜನರ ಅಸ್ತಿತ್ವವೇ ಅಪಾಯದಲ್ಲಿದ್ದಾಗ ಅಂಥ ಉಗ್ರತೆ ಅನಿವಾರ್ಯವಾಗಿತ್ತು ಎಂದು ಕೆಲವರು ಸಮರ್ಥಿಸಬಹುದು. ಆತಂಕವು ನಿಜವಾದದ್ದೇ, ತಮ್ಮ ಭಾಷೆಯನ್ನೇ ಅರಿಯದ ಮಕ್ಕಳು ಅಲ್ಲಿದ್ದರು. ಆದರೆ ಇದೇ ಸಮಸ್ಯೆಯನ್ನು ಕೇಳಿದಾಗ ಎಜ್ರನು ಕಿತ್ತುಕೊಂಡದ್ದು ತನ್ನ ತಲೆಗೂದಲನ್ನೂ ಗಡ್ಡವನ್ನೂ (ಎಜ್ರ 9:3). ಎಜ್ರನ ಸುಧಾರಣೆಯ ಅಂತ್ಯವೂ ಸ್ತ್ರೀಯರ ಪಾಲಿಗೆ ಕಠೋರವೇ ಆಗಿತ್ತೆಂಬುದನ್ನು ಮರೆಯಬಾರದು. ಆದರೂ ಕೋಪವನ್ನು ಇನ್ನೊಬ್ಬರ ದೇಹದ ಮೇಲೆ ತೀರಿಸುವುದೊಂದೇ ದಾರಿಯಾಗಿರಲಿಲ್ಲವೆಂದು ಶಾಸ್ತ್ರವೇ ಸಾಕ್ಷಿ ಹೇಳುತ್ತದೆ. ನೆಹೆಮೀಯನು ಎರಡು ಅಧ್ಯಾಯಗಳಲ್ಲಿಯೂ ತನ್ನನ್ನು ನೆನಪುಮಾಡಿಕೊಳ್ಳಬೇಕೆಂದು ದೇವರನ್ನು ಬೇಡುತ್ತಾನೆ. ಆ ಬೇಡಿಕೆಯನ್ನು ದೇವರ ಒಪ್ಪಿಗೆಯೆಂದು ನಾವು ಓದಬಾರದು. ವೃತ್ತಾಂತವಾಗಿ ಬರೆದದ್ದೆಲ್ಲ ವಿಧಿಯಲ್ಲ.

ಮಾರ್ಕ 3:5ರಲ್ಲಿ ಯೇಸುವಿನ ಕೋಪವೂ ದುಃಖವೂ ಒಂದೇ ವಾಕ್ಯದಲ್ಲಿವೆ. ಕಠಿಣಹೃದಯರ ಮೇಲೆ ಕೋಪಗೊಂಡವನು ಅವರಿಗಾಗಿಯೇ ವ್ಯಥೆಪಟ್ಟನು. ಆ ಕೋಪದಿಂದ ಒಬ್ಬನ ಬತ್ತಿದ ಕೈ ಗುಣವಾಯಿತು, ಯಾರಿಗೂ ಪೆಟ್ಟು ಬೀಳಲಿಲ್ಲ. ಮುಂದಿನ ವಚನದಲ್ಲಿಯೇ ಅವನ ಕೊಲೆಗೆ ಒಳಸಂಚು ಆರಂಭವಾಗುತ್ತದೆ. ಬೆಲೆ ತೆತ್ತವನು ಅವನೇ.

ಆದುದರಿಂದ ಕೋಪದ ಕಾರಣವು ನ್ಯಾಯವೇ ಎಂದು ಕೇಳಿದರೆ ಸಾಲದು. 13ನೆಯ ಅಧ್ಯಾಯದಲ್ಲಿಯೂ ನೆಹೆಮೀಯನಿಗೆ ಕಾರಣವಿತ್ತು. ಆ ಕೋಪದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ತಕ್ಕ ಪರೀಕ್ಷೆ. ಹೆಂಡತಿಯ ಮೇಲೆ ಕೈಯೆತ್ತಿ ಅದನ್ನು ಶಿಸ್ತೆನ್ನುವ ಗೃಹಸ್ಥನೂ, ಸಮಿತಿಯಲ್ಲಿ ಎದುರಾಡಿದವರನ್ನು ಗದರಿಸಿ ಅದನ್ನು ಪ್ರವಾದನಾತ್ಮಕ ಧೈರ್ಯವೆನ್ನುವ ಸಭಾಪಾಲಕನೂ ಈ ಪರೀಕ್ಷೆಗೆ ಒಳಗಾಗಬೇಕು. ನೆಹೆಮೀಯನನ್ನು ಬೋಧಿಸುವವರು 13ನೆಯ ಅಧ್ಯಾಯವನ್ನು ಬಿಟ್ಟುಬಿಡದೆ, 5ನೆಯದರ ಪಕ್ಕದಲ್ಲಿಟ್ಟು ಬೋಧಿಸಲಿ.